ಬೋರ್ಡ್ ಬರೆಸುವವರು ಒಮ್ಮೆ ಆ ದಾರಿಯಲ್ಲಿ ಹೋಗಿ ನೋಡಲಿ

ಮಾನ್ಯ ಸಂಪಾದಕರೇ,

ನಾನು ಹರಿಹರದವನು. ಮೂವತ್ತೈದು ವರ್ಷ ಬೋರ್ಡ್ ಬರೆದು ಸಂಸಾರ ನಡೆಸಿದವನು. ಅಂಗಡಿ ಬೋರ್ಡ್, ಲಾರಿ ಹಿಂದಿನ ‘ಹಾರನ್ ಪ್ಲೀಸ್’, ಚುನಾವಣೆ ಬಂದರೆ ಗೋಡೆ, ಎಲ್ಲಾ ಬರೆದಿದ್ದೇನೆ. ಕಂಟ್ರಾಕ್ಟರ್ ಕರೆದಾಗ ರಸ್ತೆ ಬದಿಯ ಕಿಲೋಮೀಟರ್ ಕಲ್ಲಿಗೂ ಬಣ್ಣ ಹೊಡೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ನನ್ನ ಬ್ರಷ್ ಒಣಗಿತು, ಅದು ಬೇರೆ ಕಥೆ. ಆದರೆ ಬೋರ್ಡ್ ಕಂಡರೆ ಓದುವ ಚಾಳಿ ಮಾತ್ರ ಹೋಗಿಲ್ಲ. ಆ ಚಾಳಿಯಿಂದಲೇ ಈ ಪತ್ರ.

ಕಳೆದ ತಿಂಗಳು ಬೀಗರ ಕಡೆಯ ಮದುವೆಗೆ ಮದ್ದೂರಿಗೆ ಹೊರಟಿದ್ದೆವು. ಅಳಿಯನ ಕಾರು, ಬೆಂಗಳೂರಿನಿಂದ ಮೈಸೂರು ಹೆದ್ದಾರಿ. 2023ರ ಮಾರ್ಚ್ 12ರಂದು ಉದ್ಘಾಟನೆ ಆಯ್ತಲ್ಲ, ಅದೇ. ನಡುವೆ ಆರು ಲೇನ್, ಆಚೆ ಈಚೆ ಸರ್ವಿಸ್ ರಸ್ತೆ, ಮಧ್ಯೆ ಬೇಲಿ. ರಸ್ತೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಬಿಡದಿ, ರಾಮನಗರ, ಚನ್ನಪಟ್ಟಣ ಯಾವಾಗ ಬಂದವು, ಯಾವಾಗ ಹೋದವು ಗೊತ್ತೇ ಆಗಲಿಲ್ಲ. ನಾನು ಮುಂದಿನ ಸೀಟಿನಲ್ಲಿ ಕೂತು ‘ಮದ್ದೂರು’ ಅನ್ನುವ ಬೋರ್ಡ್‌ಗೆ ಕಾಯುತ್ತಿದ್ದೆ. ಬೋರ್ಡ್ ಬಂತು. ಆದರೆ ಅದು ನಿಂತಿದ್ದದ್ದು ಇಳಿಯುವ ದಾರಿಯ ಬಾಯಲ್ಲೇ. ನಾನು ‘ಎಡಕ್ಕೆ, ಎಡಕ್ಕೆ’ ಅನ್ನುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಮುಂದೆ ಏನು? ಫ್ಲೈಓವರ್. ಮದ್ದೂರು ನಮ್ಮ ಕೆಳಗೆ ಕಾಣುತ್ತಿದೆ, ಅಂಗಡಿ ಕಾಣುತ್ತಿದೆ, ಜನ ಕಾಣುತ್ತಿದ್ದಾರೆ, ಇಳಿಯೋಕೆ ಮಾತ್ರ ದಾರಿ ಇಲ್ಲ. ‘ಮಾವ, ಈಗ ಮೈಸೂರಲ್ಲೇ ಮದುವೆ’ ಅಂದ ಅಳಿಯ. ನಮ್ಮ ಮನೆಯವರು ಹಿಂದಿನ ಸೀಟಿನಿಂದ ನನ್ನನ್ನೇ ಬೈದರು, ಬೋರ್ಡ್ ಓದೋಕೆ ಅಂತ ಮುಂದೆ ಕೂರಿಸಿದ್ದು ಅಂತ. ಎಲ್ಲೋ ದೂರದಲ್ಲಿ ಇಳಿದು, ಸರ್ವಿಸ್ ರಸ್ತೆ ಹಿಡಿದು, ಹಂಪ್ ಎಣಿಸಿಕೊಂಡು ವಾಪಸ್ ಬಂದಾಗ ಧಾರೆ ಮುಗಿದು ಊಟದ ಎರಡನೇ ಪಂಕ್ತಿ ಏಳುತ್ತಿತ್ತು.

ಇದರಲ್ಲಿ ಒಂದು ಸಣ್ಣ ಲೆಕ್ಕ ಇದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಬೋರ್ಡ್ ನೋಡಿ, ಓದಿ, ಪಕ್ಕದ ಲೇನ್ ಖಾಲಿ ಇದೆಯಾ ಅಂತ ಕನ್ನಡಿ ನೋಡಿ, ಇಂಡಿಕೇಟರ್ ಹಾಕೋಕೆ ಐದಾರು ಸೆಕೆಂಡ್ ಬೇಡವಾ? ಅಷ್ಟರಲ್ಲಿ 150 ಮೀಟರ್ ಮುಗಿಯಿತು. ಬೋರ್ಡ್ ಬರೆಸಿದವರು ಅದನ್ನು ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡು ನೋಡಿರಬೇಕು. ಮೇಜಿನ ಮೇಲೆ ಎಲ್ಲಾ ಬೋರ್ಡೂ ಚೆನ್ನಾಗೇ ಕಾಣುತ್ತೆ.

ಅದೇ ದಾರಿಯಲ್ಲಿ ಇನ್ನೊಂದು ಗಮನಿಸಿದೆ. ಇದು ಬರೆಯುವ ಕಸುಬಿನವರಿಗೆ ಬೇಗ ಕಣ್ಣಿಗೆ ಬೀಳುವ ವಿಷಯ. ಇಂಗ್ಲಿಷ್ ದೊಡ್ಡಕ್ಷರ ಅಂದರೆ ಒಂದೇ ಅಂತಸ್ತಿನ ಮನೆ. ಎರಡು ಗೆರೆ ಎಳೆದರೆ ನಡುವೆ ಪೂರ್ತಿ ಕೂತುಬಿಡುತ್ತದೆ. ಕನ್ನಡದ್ದು ಮೂರು ಅಂತಸ್ತು. ಮೇಲೆ ಗುಡಿಸು, ಎತ್ವ. ನಡುವೆ ಅಕ್ಷರ. ಕೆಳಗೆ ಒತ್ತು. ‘ರಾಮನಗರ’ ಬರೆಯೋದು ಸಲೀಸು, ಒಂದು ಒತ್ತೂ ಇಲ್ಲ. ‘ಚನ್ನಪಟ್ಟಣ’ದಲ್ಲಿ ಎರಡು ಒತ್ತು. ‘ಮದ್ದೂರು’, ‘ಮಂಡ್ಯ’ ಒಂದೊಂದು. ‘ಶ್ರೀರಂಗಪಟ್ಟಣ’ದ ‘ಶ್ರೀ’ ಒಂದಕ್ಕೇ ಮೇಲೆ, ಕೆಳಗೆ ಎರಡೂ ಕಡೆ ಜಾಗ ಬೇಕು. ಈಗ ಇಂಗ್ಲಿಷಿಗೆ ಎಷ್ಟು ಎತ್ತರವೋ ಕನ್ನಡಕ್ಕೂ ಅಷ್ಟೇ ಪಟ್ಟಿ ಕೊಟ್ಟರೆ ಏನಾಗುತ್ತೆ? ಒತ್ತನ್ನೂ ಗುಡಿಸನ್ನೂ ಅದೇ ಪಟ್ಟಿಯೊಳಗೆ ತುರುಕಬೇಕು, ನಡುವಿನ ಅಕ್ಷರ ಅರ್ಧಕ್ಕೆ ಇಳಿಯುತ್ತದೆ. ದೂರದಿಂದ ನೋಡಿದರೆ ಕನ್ನಡ ಮೇಲಿದ್ದರೂ ಕಾಣುವುದು ಇಂಗ್ಲಿಷೇ. ಕನ್ನಡ ಹಾಕಿದ್ದೇವಲ್ಲ ಅಂತ ಅವರು ಹೇಳಬಹುದು. ಹಾಕಿದ್ದಾರೆ, ಹೌದು. ನಾವು ಹಿಂದೆ ಕನ್ನಡದ ಸಾಲಿಗೆ ಒಂದೂವರೆ ಪಟ್ಟು ಎತ್ತರ ಬಿಟ್ಟುಕೊಂಡೇ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆವು. ಯಾರೂ ಹೇಳಿಕೊಟ್ಟಿದ್ದಲ್ಲ, ಕಣ್ಣು ಹೇಳುತ್ತಿತ್ತು.

ಕಾಗುಣಿತದ ಕಥೆ ಕೇಳಲೇಬೇಡಿ. ‘ಹಳ್ಳಿ’ ಹೋಗಿ ‘ಹಲ್ಲಿ’ ಆಗಿರುವುದನ್ನು ನಾನು ಒಂದೇ ಪ್ರಯಾಣದಲ್ಲಿ ಮೂರು ಕಡೆ ನೋಡಿದೆ. ಊರ ಜನ ದಿನಾ ಹಲ್ಲಿಯಿಂದ ಹೊರಟು ಹಲ್ಲಿಗೇ ವಾಪಸ್ ಬರುತ್ತಾರೆ, ಪಾಪ. ನಮ್ಮ ದಾವಣಗೆರೆಯ ‘ಣ’ ಎಷ್ಟೋ ಕಡೆ ‘ನ’ ಆಗಿದೆ. ‘ನಿಧಾನವಾಗಿ ಚಲಿಸಿ’ ಅನ್ನುವುದರಲ್ಲಿ ‘ಧ’ದ ಹೊಟ್ಟೆ ಸೀಳು ಮಾಯವಾಗಿ, ಅದು ಬಂದು ‘ಚ’ಗೆ ಅಂಟಿಕೊಂಡು ‘ಛಲಿಸಿ’ ಆಗಿರುವುದೂ ಉಂಟು. ಇಂಗ್ಲಿಷ್ ಸಾಲಾದರೂ ನೆಟ್ಟಗಿರುತ್ತಾ ಅಂದರೆ ಅದೂ ಇಲ್ಲ. 2024ರಲ್ಲಿ ಕೊಡಗಿನ ಒಂದು ಬೋರ್ಡ್ ಎಲ್ಲರ ಮೊಬೈಲಿನಲ್ಲೂ ಓಡಾಡಿತು, ನೆನಪಿದೆಯಾ? ಕನ್ನಡದಲ್ಲಿ ಸರಿಯಾಗಿ ‘ಅವಸರವೇ ಅಪಘಾತಕ್ಕೆ ಕಾರಣ’ ಅಂತ ಇತ್ತು. ಕೆಳಗೆ ಇಂಗ್ಲಿಷಿನಲ್ಲಿ ‘ಅರ್ಜೆಂಟ್ ಮೇಕ್ ಆನ್ ಆಕ್ಸಿಡೆಂಟ್’. ಬೇಗ ಒಂದು ಅಪಘಾತ ಮಾಡಿ ಅಂತ! ಬರೆದವನೂ ಅವಸರದಲ್ಲೇ ಇದ್ದ ಅಂತ ಕಾಣುತ್ತೆ.

ಇನ್ನು ನಂಬರ್. ನಮ್ಮ ಊರಿನ ಪಕ್ಕದ ಹೆದ್ದಾರಿಗೆ ಜನ ಇವತ್ತಿಗೂ ಪಿ.ಬಿ. ರೋಡ್ ಅಂತಾರೆ. ಪೂನಾ–ಬೆಂಗಳೂರು ರಸ್ತೆ. ಸ್ವಲ್ಪ ಓದಿಕೊಂಡವರು ‘ಎನ್‌ಎಚ್ ಫೋರ್’ ಅಂತಾರೆ. ಬೋರ್ಡ್ ಮಾತ್ರ 48 ಅನ್ನುತ್ತೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟರು. ಅದರಲ್ಲಿ ಒಂದು ಕ್ರಮ ಇದೆ, ಇಲ್ಲ ಅನ್ನಲ್ಲ. ಉತ್ತರ ದಕ್ಷಿಣ ಹೋಗುವುದಕ್ಕೆ ಸಮ ಸಂಖ್ಯೆ, ಪೂರ್ವ ಪಶ್ಚಿಮ ಹೋಗುವುದಕ್ಕೆ ಬೆಸ ಸಂಖ್ಯೆ. ಸಮ ಸಂಖ್ಯೆ ಪಶ್ಚಿಮಕ್ಕೆ ಹೋದ ಹಾಗೆ ಏರುತ್ತದೆ. ಅದಕ್ಕೇ ಕರಾವಳಿಯ ಹಳೆಯ 17 ಈಗ 66. ಮೂರಂಕಿ ಇದ್ದರೆ ಅದು ಮರಿ ಹೆದ್ದಾರಿ. ಮೈಸೂರು ದಾರಿಯ 275 ಅಂದರೆ 75ರ ಮರಿ. ಅರ್ಥ ಆದರೆ ಚೆನ್ನಾಗೇ ಇದೆ.

ಆದರೆ ನೆಲಮಂಗಲಕ್ಕೆ ಬನ್ನಿ. ಅಲ್ಲಿ ದಾರಿ ಒಡೆಯುತ್ತದೆ. ಒಂದು ತುಮಕೂರಿಗೆ, ಒಂದು ಕುಣಿಗಲ್, ಹಾಸನ, ಮಂಗಳೂರಿಗೆ. ಮೊದಲು ಮಂಗಳೂರು ರಸ್ತೆಗೆ 48 ಅಂತ ನಂಬರ್, ತುಮಕೂರು ಕಡೆಗೆ 4. ಈಗ ತುಮಕೂರು ಕಡೆಗೆ 48, ಮಂಗಳೂರು ರಸ್ತೆಗೆ 75. ಇರುವ ಸಾವಿರಾರು ಸಂಖ್ಯೆಯಲ್ಲಿ ಪಕ್ಕದ ಮನೆಯದ್ದನ್ನೇ ತಂದು ಈ ಮನೆಗೆ ಇಟ್ಟ ಹಾಗಾಯ್ತು. ನನ್ನ ಗೆಳೆಯನೊಬ್ಬ ಹಳೆಯ ಲಾರಿ ಡ್ರೈವರ್. ತನ್ನ ತಮ್ಮನ ಮಗ ಮೊದಲ ಸಲ ಹಾಸನಕ್ಕೆ ಲೋಡ್ ಒಯ್ಯುವಾಗ ಫೋನಿನಲ್ಲಿ ‘ನೆಲಮಂಗಲದಲ್ಲಿ ನಲವತ್ತೆಂಟು ಹಿಡಿ’ ಅಂದನಂತೆ. ಹುಡುಗ ದೊಡ್ಡಪ್ಪನ ಮಾತು ಮೀರಲಿಲ್ಲ. ಬೋರ್ಡ್ ನೋಡಿ 48 ಹಿಡಿದು ತುಮಕೂರು ಸೇರಿದ. ಇಬ್ಬರದ್ದೂ ತಪ್ಪಿಲ್ಲ. ಬೋರ್ಡ್ ಪಕ್ಕದಲ್ಲಿ ಸಣ್ಣದಾಗಿ ‘ಹಳೆಯ 4’ ಅಂತ ಹತ್ತು ವರ್ಷ ಬರೆದಿದ್ದರೆ ಸಾಕಿತ್ತು.

ಬಣ್ಣದ ಮಾತು ಬಂದರೆ ಹಳೆಯ ಕಲ್ಲುಗಳೇ ವಾಸಿ ಅನ್ನಿಸುತ್ತೆ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಓದು ಬಾರದವನಿಗೂ ತಿಳಿಯುತ್ತಿತ್ತು. ಗುಂಡಿ ಸಿಕ್ಕಿದರೆ ಹಳದಿ ನೋಡಿ ದೆಹಲಿಗೆ ಬೈಯಬೇಕು, ಹಸಿರು ನೋಡಿ ಬೆಂಗಳೂರಿಗೆ ಬೈಯಬೇಕು. ಈ ಸೌಲಭ್ಯ ಟೋಲ್ ಗೇಟಿಗೂ ಇದ್ದಿದ್ದರೆ ನಮ್ಮ ಅಳಿಯನ ದುಡ್ಡು ಉಳಿಯುತ್ತಿತ್ತು. 2025ರ ಆಗಸ್ಟ್ 15ರಿಂದ ಖಾಸಗಿ ಕಾರಿಗೆ ವರ್ಷದ ಪಾಸ್ ಬಂತಲ್ಲ, ಆಗ 3,000 ರೂಪಾಯಿಗೆ 200 ಸಲ, ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು. ಅಳಿಯ ಖುಷಿಯಾಗಿ ಮಾಡಿಸಿದ. ಆಮೇಲೆ ಒಂದು ದಿನ ಟೋಲ್ ದಾಟಿದ ಕೂಡಲೇ ಮೊಬೈಲ್ ‘ಟಿಣ್’ ಅಂತು, ದುಡ್ಡು ಕಟ್. ವಿಚಾರಿಸಿದರೆ ಅದು ರಾಜ್ಯ ಹೆದ್ದಾರಿಯ ಟೋಲ್, ಈ ಪಾಸ್ ಅಲ್ಲಿ ನಡೆಯುವುದಿಲ್ಲ. ನಿಯಮ ಸರಿಯೇ ಇರಬಹುದು. ಆದರೆ ಅದೇ ತಗಡಿನ ಚಾವಣಿ, ಅದೇ ಫಾಸ್ಟ್‌ಟ್ಯಾಗ್ ಲೇನ್, ಅದೇ ಕೆಂಪು ಹಸಿರು ದೀಪ. ‘ಇದು ರಾಜ್ಯ ಹೆದ್ದಾರಿ, ವರ್ಷದ ಪಾಸ್ ಇಲ್ಲಿ ನಡೆಯಲ್ಲ’ ಅಂತ ಒಂದು ಸಾಲು ಅರ್ಧ ಕಿಲೋಮೀಟರ್ ಮುಂಚೆ ಬೇಡವಾ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನ ಇಲ್ಲ ಅಂತಾರೆ ಹಿರಿಯರು. ಈಗ ಹೇಳಿಕೊಳ್ಳೋಕೆ ಸುಂಕದವನೂ ಇಲ್ಲ, ಮೇಲೊಂದು ಯಂತ್ರ ಕೂತಿದೆ.

ಟೋಲ್ ಗೇಟಿನಲ್ಲಿ ದೊಡ್ಡ ಬೋರ್ಡ್ ಇಲ್ಲವೇ ಇಲ್ಲ ಅನ್ನಬೇಡಿ. ಒಂದಿದೆ. ಯಾರಿಗೆ ಟೋಲ್ ವಿನಾಯಿತಿ ಅಂತ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯ ನ್ಯಾಯಮೂರ್ತಿ, ಹಾಗೇ ಕೆಳಗಿಳಿಯುತ್ತದೆ. ರಾಷ್ಟ್ರಪತಿಯವರು ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ‘ಓ, ನನಗೆ ಇಲ್ಲವಂತೆ’ ಅಂತ ಓದಿ ತಿಳಿದುಕೊಳ್ಳಬೇಕಾ? ನಮ್ಮಂಥವರಿಗೆ ಬೇಕಾದದ್ದು ಬೇರೆ. ಗೇಟಿನಿಂದ 20 ಕಿಲೋಮೀಟರ್ ಒಳಗಿನ ಊರಿನವರ ಸ್ವಂತ ಕಾರಿಗೆ ತಿಂಗಳ ಪಾಸ್ ಇದೆ. 24 ಗಂಟೆಯಲ್ಲಿ ವಾಪಸ್ ಬಂದರೆ ಹೋಗಿಬರುವುದಕ್ಕೆ ಸೇರಿ ಒಂದೂವರೆ ಪಟ್ಟು ಸಾಕು, ಎರಡು ಪಟ್ಟು ಬೇಡ. 2025ರ ನವೆಂಬರ್ 15ರಂದು ಬಂದ ನಿಯಮದಲ್ಲಿ, ಟ್ಯಾಗ್ ಕೆಲಸ ಮಾಡದೆ ನಗದು ಕೊಟ್ಟರೆ ಎರಡರಷ್ಟು, ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು ಅಂತ ಇತ್ತು. ಅಂದರೆ ನೂರು ರೂಪಾಯಿ ಟೋಲ್ ಇರುವ ಕಡೆ ನೋಟು ಕೊಟ್ಟರೆ 200, ಮೊಬೈಲ್ ತೋರಿಸಿದರೆ 125. ಈ ಎಪ್ಪತ್ತೈದು ರೂಪಾಯಿಯ ಮಾತನ್ನು ಎಷ್ಟು ದೊಡ್ಡದಾಗಿ ಬರೆಯಬೇಕಿತ್ತು ನೀವೇ ಹೇಳಿ. ನಾನು ನೋಡಿದ ಗೇಟಿನಲ್ಲಿ ಅದು ಎ4 ಹಾಳೆಯಲ್ಲಿ, ಗಾಜಿನ ಒಳಗಡೆ, ಟೇಪ್ ಹಾಕಿ ಅಂಟಿಸಿತ್ತು. ದರದ ಬೋರ್ಡ್ ಅಂತೂ ಪ್ರತಿ ಏಪ್ರಿಲ್ 1ಕ್ಕೆ ಬದಲಾಗಬೇಕು, ಹಳೆಯ ಅಂಕಿಯ ಮೇಲೆ ಹೊಸ ಸ್ಟಿಕ್ಕರ್. ಒಂದು ಕಡೆ ಸ್ಟಿಕ್ಕರ್ ಬಿಸಿಲಿಗೆ ಮೂಲೆ ಎದ್ದು ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು ಎರಡೂ ಇಣುಕುತ್ತಿದ್ದವು. ಏರಿಕೆಯ ಇತಿಹಾಸ ಒಂದೇ ಚೌಕದಲ್ಲಿ.

ತಪ್ಪು ನನ್ನಿಂದಲೂ ಆಗಿದೆ. ಹೊಸದರಲ್ಲಿ ಒಂದು ಕಲ್ಲಿಗೆ ‘ದಾವಣಗೆರೆ ೧೪’ ಅಂತ ಬರೆಯುವ ಕಡೆ ‘೪೧’ ಬರೆದಿದ್ದೆ. ಬಿಸಿಲು, ಹಸಿವು, ಏನೋ ಒಂದು. ಮಾರನೇ ದಿನ ಸೈಕಲ್ಲಿನಲ್ಲಿ ಬಂದ ಓವರ್‌ಸೀಯರ್ ಕಲ್ಲಿನ ಮುಂದೆ ನಿಂತು, ಇಳಿಯದೆ, ಒಂದು ಕಾಲು ನೆಲಕ್ಕೆ ಊರಿ ಕೇಳಿದರು: ‘ಏನಪ್ಪಾ, ರಾತ್ರೋರಾತ್ರಿ ದಾವಣಗೆರೆ ಅಷ್ಟು ದೂರ ಹೋಯ್ತಾ?’ ಅರ್ಧ ದಿನದ ಕೂಲಿ ಹಿಡಿದರು. ಬಿಳಿ ಪೇಂಟ್ ನನ್ನದೇ ಖರ್ಚು. ಒಣಗುವ ತನಕ ಹುಣಸೆ ಮರದ ಕೆಳಗೆ ಕಾದು ಮತ್ತೆ ಬರೆದೆ. ಇವತ್ತಿನ ‘ಹಲ್ಲಿ’ಗಳಿಗೆ ಯಾರ ಕೂಲಿ ಹಿಡಿದಿದ್ದಾರೆ?

ನಾನು ಕೇಳುವುದು ಜಾಸ್ತಿ ಏನಲ್ಲ. ಬೋರ್ಡ್ ಕಂಬಕ್ಕೆ ಏರುವ ಮುಂಚೆ ಕನ್ನಡ ಓದುವ ಒಬ್ಬರ ಕಣ್ಣಿಗೆ ಬೀಳಲಿ. ಶಾಲೆ ಮೇಷ್ಟ್ರು ಆದರೂ ಆಗುತ್ತೆ, ಬಸ್ ಕಂಡಕ್ಟರ್ ಆದರೂ ಆಗುತ್ತೆ. ಏರಿದ ಮೇಲೆ ಬರೆಸಿದವರು ಒಂದು ಸಲ ಕಾರಿನಲ್ಲಿ ಕೂತು, ಆ ಊರು ಗೊತ್ತಿಲ್ಲದ ಡ್ರೈವರ್‌ನನ್ನು ಕರೆದುಕೊಂಡು, ಮಾತಾಡದೆ ಹೋಗಿ ನೋಡಲಿ.

ಯಾರೂ ಸಿಗದಿದ್ದರೆ ನಾನಿದ್ದೇನೆ. ನಮ್ಮೂರಿನ ಹತ್ತಿರದ ಟೋಲ್ ಚಳಗೇರಿಯದ್ದು, ರಾಣೆಬೆನ್ನೂರು ಕಡೆ ಹೋಗುವಾಗ ಸಿಗುತ್ತೆ. ಕರೆದರೆ ಆಚೆಗೂ ಬರುತ್ತೇನೆ. ಬ್ರಷ್ ನೆನೆಸಿದರೆ ಮೆತ್ತಗಾಗುತ್ತೆ, ಕೂಲಿ ಬೇಡ, ಪೇಂಟ್ ಕೊಟ್ಟರೆ ಸಾಕು. ಓಡಾಟದ ಖರ್ಚೂ ಕಡಿಮೆಯೇ. ನನ್ನದು ಟಿವಿಎಸ್ ಮೊಪೆಡ್, ಅದಕ್ಕೆ ಟೋಲ್ ಇಲ್ಲ.

ಇತಿ,
ಒಬ್ಬ ಹಳೆಯ ಬೋರ್ಡ್ ಪೇಂಟರ್,
ಹರಿಹರ