‘ಕೇಳಿದರೆ’ ಎಂಬ ಪದವೊಂದನ್ನು ಅಳಿಸಿ: ಕೇಂದ್ರ ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಹಣಕಾಸು ಸಚಿವರಾದ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ, ಮದ್ದೂರು ತಾಲ್ಲೂಕಿನಿಂದ ನಮಸ್ಕಾರಗಳು.

ವಿಮೆ ನಿಮ್ಮ ಖಾತೆಗೆ ಸೇರಿದ್ದು. ರಾಜ್ಯಸಭೆಗೆ ನೀವು ಆಯ್ಕೆಯಾಗಿರುವುದು ನಮ್ಮ ಕರ್ನಾಟಕದಿಂದ. ಕಾರಿನ ಕ್ಲೇಮಿನಲ್ಲಿ ಎಷ್ಟು, ಯಾಕೆ ಕಡಿತವಾಯಿತು ಎಂಬ ಲೆಕ್ಕ ಪಾಲಿಸಿದಾರರು ಕೇಳದೆಯೇ ಅವರ ಕೈಗೆ ಬರಬೇಕು ಎಂದು ಕೋರುವ ಈ ಕಾಗದ ಹಾಗಾಗಿ ನಿಮಗೇ. ಕನ್ನಡದಲ್ಲಿ ಬರೆದಿದ್ದೇನೆ; ಓದಿ ಹೇಳುವವರು ನಿಮ್ಮ ಕಚೇರಿಯಲ್ಲಿ ಇದ್ದೇ ಇರುತ್ತಾರೆ.

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತನಾದವನು. ನವೆಂಬರ್ ತಿಂಗಳ ಒಂದು ಸಂಜೆ ಕೆ.ಎಂ. ದೊಡ್ಡಿ ಕಡೆಯಿಂದ ಮನೆಗೆ ಬರುತ್ತಿದ್ದೆ. ಕಬ್ಬಿನ ಕಾಲದಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆ ಎಂದು ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಹಿಂದೆ ದೀಪವಿಲ್ಲದ, ರಿಫ್ಲೆಕ್ಟರ್ ಕೂಡ ಇಲ್ಲದ ಟ್ರೇಲರ್ ತುಂಬ ಕಬ್ಬು. ಎದುರಿನ ಬಸ್ಸಿನ ಬೆಳಕು ಕಣ್ಣಿಗೆ ಹೊಡೆದ ಎರಡು ಗಳಿಗೆಯಲ್ಲಿ ನನ್ನ ಕಾರು ಅದರ ಹಿಂಬದಿಗೆ ಗುದ್ದಿತ್ತು. ಟ್ರ್ಯಾಕ್ಟರಿನ ಹುಡುಗ ಇಳಿದು ಬಂದು, ‘ಏನೂ ಆಗ್ನಿಲ್ವಲ್ಲ ಮೇಷ್ಟ್ರೆ?’ ಅಂದ. ಅವನ ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹಿಂದಿನಿಂದ ಗುದ್ದಿದವನು ನಾನು, ಕೇಸು ಎಂದು ಅವನನ್ನು ಅಲೆಸುವ ಮನಸ್ಸು ಬರಲಿಲ್ಲ. ನನ್ನ ಕಾರಿಗೆ ನನ್ನ ವಿಮೆ ಇತ್ತಲ್ಲ!

ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ, ಶುರುವಿನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯಿತು. ರಾತ್ರಿಯೇ ಫೋನ್ ಮಾಡಿ ಕ್ಲೇಮ್ ನಂಬರ್ ಪಡೆದೆ. ಮಾರನೆಯ ದಿನ ಗ್ಯಾರೇಜಿಗೆ ಸರ್ವೇಯರ್, ಅಂದರೆ ಹಾನಿಯ ಲೆಕ್ಕ ಹಾಕುವವರು, ಬಂದು ಫೋಟೊ ತೆಗೆದುಕೊಂಡು ಹೋದರು. ‘ಕ್ಯಾಶ್‌ಲೆಸ್ ಸರ್, ನೀವೇನೂ ತಲೆ ಕೆಡಿಸಿಕೊಳ್ಳಬೇಡಿ’ ಎಂದರು; ಅಂದರೆ ಗ್ಯಾರೇಜಿನ ದುಡ್ಡನ್ನು ಕಂಪನಿಯೇ ನೇರವಾಗಿ ಕಟ್ಟುತ್ತದೆ. ನಾನೂ ಕೆಡಿಸಿಕೊಳ್ಳಲಿಲ್ಲ. ಹದಿನೆಂಟನೆಯ ದಿನ ಗ್ಯಾರೇಜಿನಿಂದ ಫೋನು: ‘ಕ್ಲೇಮ್ ಅಪ್ರೂವ್ ಆಗಿದೆ ಸರ್. 30,070 ರೂಪಾಯಿ ಕಟ್ಟಿ ಗಾಡಿ ತಗೊಂಡ್ಹೋಗಿ.’

ಒಟ್ಟು ಬಿಲ್ಲು 84,600. ಯಾಕಪ್ಪ ಇಷ್ಟು ನನ್ನ ತಲೆಗೆ ಎಂದರೆ, ‘ಡಿಪ್ರಿಸಿಯೇಷನ್ ಸರ್’ ಎಂಬ ಒಂದೇ ಮಾತು. ಕೆಲಸ ಮುಗಿದಿತ್ತು, ಗಾಡಿ ತೊಳೆದು ನಿಲ್ಲಿಸಿದ್ದರು. ಕಟ್ಟದೆ ಕೀಲಿಕೈ ಸಿಗುವುದಿಲ್ಲ. ಕಟ್ಟಿದೆ.

ಮನೆಗೆ ಬಂದು ಮೂರು ಮೇಲ್ ಹಾಕಿದ ಮೇಲೆ ಸರ್ವೇಯರ್ ವರದಿಯ ಪ್ರತಿ ಬಂತು. ಏಳು ಪುಟ, ಪೂರ್ತಿ ಇಂಗ್ಲಿಷ್. ಹಳೆಯ ಅಭ್ಯಾಸ, ಪೆನ್ಸಿಲ್ ಹಿಡಿದು ಕುಳಿತೆ. ನನ್ನ ಕಾರಿಗೆ ನಾಲ್ಕೂವರೆ ವರ್ಷ. ಆ ವಯಸ್ಸಿಗೆ ತಗಡಿನ ಭಾಗಗಳ ಮೇಲೆ ಶೇ 35 ಸವಕಳಿ (ಅದೇ ಡಿಪ್ರಿಸಿಯೇಷನ್, ಭಾಗ ಹಳತಾದದ್ದಕ್ಕೆ ಮುರಿದುಕೊಳ್ಳುವ ದುಡ್ಡು): 24,000ದಲ್ಲಿ 8,400 ಹೋಯಿತು. ಬಂಪರ್, ಹೆಡ್‌ಲೈಟು, ಗ್ರಿಲ್ ಎಲ್ಲ ಪ್ಲಾಸ್ಟಿಕ್, ಅದಕ್ಕೆ ವಯಸ್ಸಿನ ಮಾತೇ ಇಲ್ಲ, ನೇರವಾಗಿ ಅರ್ಧ: 26,000ದಲ್ಲಿ 13,000. ಗಾಜಿಗೆ, ಕೂಲಿಗೆ ಕಡಿತವಿಲ್ಲ. ಬಣ್ಣದ ಬಿಲ್ಲಿನಲ್ಲಿ ಕಾಲುಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ: 1,500. ಕೂಲೆಂಟು, ಕ್ಲಿಪ್ಪು ಇತ್ಯಾದಿ 1,600 ಪೂರ್ತಿ ನನ್ನದು. ಕ್ಲೇಮಿನಲ್ಲಿ ಪಾಲಿಸಿದಾರರೇ ಹೊರಬೇಕಾದ ಕಡ್ಡಾಯ ಕಡಿತ 1,000. ಕೂಡಿದರೆ 25,500. ನೋವಾದರೂ ಒಪ್ಪಿದೆ, ಪಾಲಿಸಿಯ ಕೊನೆಯ ಪುಟಗಳಲ್ಲಿ ಇದೆಲ್ಲ ಅಚ್ಚಾಗಿದೆ. ಸವಕಳಿ ಮುರಿದುಕೊಳ್ಳದ ‘ಜೀರೊ ಡೆಪ್’ ಎಂಬ ಹೆಚ್ಚುವರಿ ರಕ್ಷಣೆ ಬೇಡವೆಂದು ಬಿಟ್ಟವನೂ ನಾನೇ.

ಹಾಗಾದರೆ ಉಳಿದ 4,570 ಎಲ್ಲಿ ಹೋಯಿತು? ಐದನೆಯ ಪುಟದಲ್ಲಿ ಸಿಕ್ಕಿತು. ಎಡಗಡೆಯ ಫೆಂಡರ್, ಅಂದರೆ ಮುಂಚಕ್ರದ ಮೇಲಿನ ತಗಡು, ಅದರ ಎದುರಿಗೆ ‘ಹಳೆಯ ಡೆಂಟ್’ ಎಂದು ಬರೆದು ಫೆಂಡರಿಗೂ ಅದರ ಬಣ್ಣಕ್ಕೂ ಸೊನ್ನೆ ಹಾಕಿದ್ದರು. ಅಪಘಾತಕ್ಕೆ ಒಂದೂವರೆ ತಿಂಗಳ ಹಿಂದೆ ಆಯುಧಪೂಜೆಯಲ್ಲಿ ನನ್ನ ಮೊಮ್ಮಗಳು ಅದೇ ಫೆಂಡರಿಗೆ ಒರಗಿ ನಿಂತು ಫೋಟೊ ತೆಗೆಸಿಕೊಂಡಿದ್ದಳು. ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಕನ್ನಡಿಯ ಹಾಗೆ ಹೊಳೆಯುವ ತಗಡು. ಆ ಫೋಟೊ ಕಳಿಸಿದೆ. ನಲವತ್ತೊಂದು ದಿನಕ್ಕೆ ದುಡ್ಡು ಬಂತು. ತಪ್ಪಾಯಿತು ಎಂಬ ಒಂದು ಸಾಲು ಮಾತ್ರ ಬರಲಿಲ್ಲ, ಇರಲಿ.

ಈ 4,570 ರೂಪಾಯಿಗಾಗಿ ನಾನು ಕಾಗದ ಬರೆಯುತ್ತಿಲ್ಲ. ಆ ಐದನೆಯ ಪುಟ ನನ್ನ ಕೈಗೆ ಬಂದದ್ದು ನಾನು ಕೇಳಿದ್ದರಿಂದ ಎಂಬುದು ನನ್ನನ್ನು ಕೊರೆಯುತ್ತಿದೆ. ಸರ್ವೇಯರ್ ವರದಿಯ ಪ್ರತಿಯನ್ನು ಪಾಲಿಸಿದಾರರು ಕೇಳಿದರೆ ಕೊಡಬೇಕು ಎಂದು ನಿಯಮವಿದೆ. ಕೇಳಿದರೆ! ಅಂಥದ್ದೊಂದು ವರದಿ ಇದೆ ಎಂಬುದೇ ಗೊತ್ತಿಲ್ಲದವರು ಏನೆಂದು ಕೇಳಬೇಕು? ನನ್ನ ಜೊತೆ ಅದೇ ಗ್ಯಾರೇಜಿನ ಬೆಂಚಿನ ಮೇಲೆ ಕಾಯುತ್ತಿದ್ದ ಟ್ಯಾಕ್ಸಿಯ ತಮ್ಮ ಕೇಳಲಿಲ್ಲ. ಗಾಡಿ ಬಿಡಿಸಿಕೊಂಡರೆ ಅವನಿಗೆ ಸಾಕಿತ್ತು, ಒಂದೊಂದು ದಿನವೂ ಬಾಡಿಗೆ ನಷ್ಟ.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಜೂನ್ ಸುತ್ತೋಲೆ ಒಳ್ಳೆಯದೇ. ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ, ದಾಖಲೆ ಸಾಲದು ಎಂಬ ನೆಪದಲ್ಲಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ಗಡಿಯಾರವನ್ನೇನೋ ಸರಿ ಮಾಡಿದಿರಿ. ಲೆಕ್ಕದ ಹಾಳೆ ಮಾತ್ರ ಇನ್ನೂ ಮುಚ್ಚಿದ ಲಕೋಟೆಯಲ್ಲೇ ಇದೆ.

ಹಾಳೆ ಮೊದಲೇ ಕೈಗೆ ಬರಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ನಾಲ್ಕು ವರ್ಷ ಕ್ಲೇಮ್ ಮಾಡದೆ ಇದ್ದದ್ದಕ್ಕೆ ನನಗೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಶೇ 45 ಇತ್ತು. ಒಂದು ಕ್ಲೇಮಿಗೆ ಅದು ಸೊನ್ನೆ. ಪೆಟ್ಟು ಸಣ್ಣದಾಗಿದ್ದರೆ ಕೈಯಿಂದ ಖರ್ಚು ಮಾಡಿ ಬೋನಸ್ ಉಳಿಸಿಕೊಳ್ಳುವುದೇ ಲಾಭ. ಆದರೆ ಕಂಪನಿ ಎಷ್ಟು ಕೊಡುತ್ತದೆ, ನಾನೆಷ್ಟು ಕಟ್ಟಬೇಕು ಎಂಬುದು ಸ್ಪಾನರ್ ಮುಟ್ಟಿಸುವ ಮೊದಲು ಗೊತ್ತಾದರೆ ತಾನೇ ಈ ಲೆಕ್ಕ ಹಾಕುವುದು? ಗಾಡಿ ತೊಳೆದು ನಿಲ್ಲಿಸಿದ ಮೇಲೆ ತಿಳಿಸುವುದು, ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಪತ್ರಿಕೆ ಹಂಚಿದ ಹಾಗೆ.

ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ, ಇಲ್ಲವೇ ತಿಂಗಳಾದರೂ ಉತ್ತರವೇ ಬರದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿ, ಇಂಥ ದೂರು ಕೇಳಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಡ. 155255ಕ್ಕೆ ಫೋನ್ ಮಾಡಿಯೂ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಇದನ್ನು ನಮ್ಮೂರಿನ ಓದುಗರಿಗಾಗಿ ಬರೆದೆ, ನಿಮಗೆ ಗೊತ್ತಿರುವುದೇ.

ಪ್ರಾಧಿಕಾರ ಸ್ವತಂತ್ರ ಸಂಸ್ಥೆ ಎಂಬ ಉತ್ತರ ಬರಬಹುದು. ನೀತಿಯ ವಿಷಯದಲ್ಲಿ ಅದಕ್ಕೆ ನಿರ್ದೇಶನ ಕೊಡುವ ಅಧಿಕಾರವನ್ನು 1999ರ ಕಾಯ್ದೆಯೇ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ಹೋಯಿತು, ಸಂತೋಷ. ಕಾರಿನ ವಿಮೆಗೆ ಶೇ 18 ಕಟ್ಟುತ್ತಲೇ ಇದ್ದೇವೆ, ಅದಕ್ಕೂ ನಾನು ತಕರಾರು ತೆಗೆಯುವುದಿಲ್ಲ. ನನ್ನ ಬೇಡಿಕೆಗೆ ಖಜಾನೆಯಿಂದ ಒಂದು ಪೈಸೆ ಬೇಕಾಗಿಲ್ಲ. ನಿಯಮದಲ್ಲಿ ‘ಕೇಳಿದರೆ’ ಎಂದಿರುವುದನ್ನು ಅಳಿಸಿ. ಯಾವ ಭಾಗಕ್ಕೆ ಎಷ್ಟು, ಯಾಕೆ ಕಡಿತ ಎಂಬ ಒಂದು ಪುಟದ ಪಟ್ಟಿಯನ್ನು ರಿಪೇರಿ ಶುರುವಾಗುವ ಮೊದಲೇ, ಪಾಲಿಸಿದಾರರ ಭಾಷೆಯಲ್ಲಿ, ಅವರ ಮೊಬೈಲಿಗೆ ಕಳಿಸಬೇಕೆಂದು ಸೇರಿಸಿ.

ವರದಿಯ ಐದನೆಯ ಪುಟ, ನನ್ನ ಪೆನ್ಸಿಲ್ ಲೆಕ್ಕ, ಆಯುಧಪೂಜೆಯ ಫೋಟೊ, ಮೂರನ್ನೂ ಲಗತ್ತಿಸಿದ್ದೇನೆ. ಫೋಟೊದಲ್ಲಿ ಫೆಂಡರಿಗೆ ಒರಗಿ ನಿಂತವಳೇ ನನ್ನ ಮೊಮ್ಮಗಳು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ