ಅಬ್ಬರದ ನಡುವಿನ ಮೆಲುದನಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕಳೆದ ವಾರ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿಯೇ ಉತ್ತರಿಸಲು ನನ್ನಿಂದಾಗಲಿಲ್ಲ. ನಾನು ಕಳುಹಿಸಿದ ಹಾಡನ್ನು ಎರಡು ಸಲ ಕೇಳಿದ ಮೇಲೆ ನೀನು, "ಅಷ್ಟು ಗಿಟಾರು, ಅಷ್ಟು ಡ್ರಮ್ಮು, ಪಕ್ಕದಲ್ಲೊಬ್ಬ ಗಂಡಸು ಗಂಟಲು ಹರಿದುಕೊಳ್ಳುತ್ತಿದ್ದಾನೆ, ಆಕೆ ಮಾತ್ರ ಮಗುವನ್ನು ಮಲಗಿಸುವವಳ ಹಾಗೆ ಹಾಡುತ್ತಾಳಲ್ಲ, ಆ ಗಲಾಟೆ ಅವಳಿಗೆ ಕೇಳಿಸುವುದೇ ಇಲ್ಲವೇ?" ಎಂದು ನಕ್ಕೆ. ನೀನು ತಮಾಷೆಗೆ ಕೇಳಿದ್ದೆ. ಆದರೆ ಇಪ್ಪತ್ತು ವರ್ಷಗಳಿಂದ ಆ ದನಿಯನ್ನು ಕೇಳುತ್ತ ಬಂದಿರುವ ನನಗೆ, ನಾರ್ವೆಯ ಗಾಯಕಿ ಲಿವ್ ಕ್ರಿಸ್ಟೀನ್ ಬಗ್ಗೆ ಹೇಳಬೇಕಾದದ್ದೆಲ್ಲ ಆ ಪ್ರಶ್ನೆಯೊಳಗೇ ಇದೆಯೆನ್ನಿಸಿತು.

ಆಕೆ ಹುಟ್ಟಿದ್ದು 1976ರ ಫೆಬ್ರವರಿ 14ರಂದು, ನಾರ್ವೆಯ ನೈಋತ್ಯ ಕರಾವಳಿಯ ಸ್ತವಾಂಗರ್ ಎಂಬ ಊರಿನಲ್ಲಿ. ಆ ಊರಿನ ಅಂಚಿನಲ್ಲಿ ಹಾಫ್ರ್ಸ್‌ಫ್ಯೋರ್ಡ್ ಎಂಬ ಕೊಲ್ಲಿಯಿದೆ. ಸುಮಾರು 872ರಲ್ಲಿ ಹೆರಾಲ್ಡ್ ಎಂಬ ದೊರೆ ಅಲ್ಲಿ ಕಾದಾಡಿ ಗೆದ್ದು ನಾರ್ವೆಯನ್ನು ಒಂದುಗೂಡಿಸಿದನೆಂಬ ಪ್ರತೀತಿಯ ನೆನಪಿಗೆ, ಹತ್ತು ಮೀಟರು ಎತ್ತರದ ಮೂರು ಕಂಚಿನ ಕತ್ತಿಗಳನ್ನು ದಡದ ಬಂಡೆಗೆ ನಾಟಿ 1983ರಲ್ಲಿ ಅನಾವರಣ ಮಾಡಿದರು. ಆಗ ಈ ಹುಡುಗಿಗೆ ಏಳು ವರ್ಷ. ಈ ಕತ್ತಿಗಳ ಮಾತನ್ನು ಸುಮ್ಮನೆ ತೆಗೆಯಲಿಲ್ಲ, ಮುಂದೆ ಮತ್ತೆ ಬರುತ್ತದೆ.

1993ರಲ್ಲಿ ಅದೇ ಊರಿನ ಕೆಲವು ಹುಡುಗರು ಥಿಯೇಟರ್ ಆಫ್ ಟ್ರಾಜೆಡಿ ಎಂಬ ತಂಡ ಕಟ್ಟಿದರು. ಹಿಮ್ಮೇಳಕ್ಕೆಂದು ಬಂದ ಲಿವ್ ಬೇಗನೆ ಮುಮ್ಮೇಳಕ್ಕೆ ಬಂದಾಗ ಅವರಿಗಿನ್ನೂ ಹದಿನೇಳರ ಆಸುಪಾಸು. ರೇಮಂಡ್ ರೊಹೋನ್ಯಿ ಎಂಬಾತ ಹೊಟ್ಟೆಯಾಳದಿಂದ ಗುರುಗುಟ್ಟುವುದು, ಅದಕ್ಕೆ ಉತ್ತರವಾಗಿ ಈಕೆ ತೆಳ್ಳಗಿನ, ಉಸಿರು ಬೆರೆತ ದನಿಯಲ್ಲಿ ಹಾಡುವುದು, ಇದು ಅವರ ಕ್ರಮ. ಮೆಟಲ್ ಎಂಬ ಈ ಅಬ್ಬರದ ರಾಕ್ ಸಂಗೀತವನ್ನು ಕೇಳುವವರು ಇದನ್ನು 'ಬ್ಯೂಟಿ ಅಂಡ್ ದಿ ಬೀಸ್ಟ್', ಅಂದರೆ ಚೆಲುವೆ ಮತ್ತು ಮೃಗ, ಎಂದು ಕರೆಯುತ್ತಾರೆ. ಹೆಣ್ಣುದನಿಯನ್ನು ಬಳಸಿದ ತಂಡಗಳು ಅವರಿಗಿಂತ ಮೊದಲೂ ಇದ್ದವು. ಆದರೆ ಇಡೀ ಹಾಡನ್ನು ಇಬ್ಬರ ಸಂವಾದವಾಗಿ, ನಾಟಕದ ಎರಡು ಪಾತ್ರಗಳಂತೆ ಕಟ್ಟುವ ರೀತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಇವರೇ ಮುಖ್ಯರು. ಸಾಹಿತ್ಯವೂ ಹಾಗೆಯೇ, ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿ. ನಮ್ಮಲ್ಲಿ ಯಾರಾದರೂ ನಡುಗನ್ನಡದಲ್ಲಿ ರಾಕ್ ಹಾಡು ಬರೆದರೆ ಹೇಗಿರುತ್ತದೋ ಊಹಿಸಿಕೋ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ವಿದ್ಯುತ್ ಗಿಟಾರಿನ ದನಿಯನ್ನು ಬೇಕೆಂದೇ ಕೆಡಿಸಿ ಒರಟು ಮಾಡಿದಾಗ ಅದು ಕೆಳಗಿನ ಮತ್ತು ನಡುವಿನ ಸ್ಥಾಯಿಗಳನ್ನೆಲ್ಲ ಗೋಡೆಯಂತೆ ತುಂಬಿಬಿಡುತ್ತದೆ. ಗುರುಗುಟ್ಟುವ ಗಂಡುದನಿಗೆ ನಿಶ್ಚಿತವಾದ ಸ್ವರಸ್ಥಾನವೇ ಇಲ್ಲದಿರುವುದರಿಂದ ಅದು ಹಾಡಿಗಿಂತ ಹೆಚ್ಚಾಗಿ ತಾಳವಾದ್ಯದ ಕೆಲಸ ಮಾಡುತ್ತದೆ. ಹೀಗಿರುವಾಗ ಆ ಗೋಡೆಯ ಮೇಲ್ತುದಿಯಲ್ಲಿ ತಾರಸ್ಥಾಯಿಯ ಜಾಗ ಖಾಲಿ ಉಳಿಯುತ್ತದೆ, ಅಲ್ಲಿ ನಿಂತವರು ಕೂಗಬೇಕಾಗಿಲ್ಲ. ಲಿವ್ ಅಲ್ಲಿ ನಿಂತರು. ಆಮೇಲೆ ಬಂದ ಅನೇಕ ಗಾಯಕಿಯರು ಅದೇ ಜಾಗದಲ್ಲಿ ಒಪೆರಾದ ತುಂಬುಕಂಠವನ್ನು ತಂದು ನಿಲ್ಲಿಸಿದರು. ಫಿನ್‌ಲೆಂಡಿನ ತಾರ್ಯಾ ತುರುನೆನ್ ಅವರ ಹಾಡುಗಾರಿಕೆ ಅದರ ಶಿಖರ. ನನಗೆ ಅದೂ ಇಷ್ಟವೇ. ಆದರೆ ತಾರ್ಯಾ ಹಾಡುವಾಗ ನಾನು ಸಭೆಯಲ್ಲಿ ಕುಳಿತಿರುತ್ತೇನೆ, ಲಿವ್ ಹಾಡುವಾಗ ಪಕ್ಕದ ಕೋಣೆಯಲ್ಲಿ ಯಾರೋ ಹಾಡಿಕೊಳ್ಳುತ್ತಿರುವುದನ್ನು ಕದ್ದು ಕೇಳಿಸಿಕೊಳ್ಳುತ್ತಿರುತ್ತೇನೆ.

1998ರ 'ಏಜಿಸ್' ಆ ತಂಡದ ಅತ್ಯುತ್ತಮ ಆಲ್ಬಮ್ ಎಂಬುದು ನನ್ನ ಹಟ. ಅದರ ಹಾಡುಗಳಿಗೆಲ್ಲ ಹೆಣ್ಣುಗಳ ಹೆಸರು: ಕಸಾಂಡ್ರಾ, ವೀನಸ್, ರೈನ್ ನದಿಯ ಬಂಡೆಯ ಮೇಲೆ ಕುಳಿತು ನಾವಿಕರನ್ನು ಮರುಳುಮಾಡುವ ಲೋರೆಲೈ. ಗುರುಗುಟ್ಟುತ್ತಿದ್ದ ರೇಮಂಡ್ ಕೂಡ ಅದರಲ್ಲಿ ಬಹುಪಾಲು ಮಾತನಾಡುವ ದನಿಗೆ ಇಳಿದಿದ್ದಾರೆ, ಆಕೆಯ ಮೆಲುದನಿ ಅವರನ್ನೂ ಪಳಗಿಸಿತೇನೋ ಎಂಬಂತೆ. ನೆನಪಿದೆಯೇ, ಹಾಸ್ಟೆಲಿನಲ್ಲಿ ಒಂದೇ ಇಯರ್‌ಫೋನಿನ ಎಡತುದಿ ನನಗೆ, ಬಲತುದಿ ನಿನಗೆ ಎಂದು ಹಂಚಿಕೊಂಡು ಇದನ್ನು ಕೇಳಿದ್ದೆವು. ನಿನ್ನ ಕಡೆಯದು ಅರ್ಧ ಸತ್ತಿತ್ತು, ಅದಕ್ಕೇ ನಿನಗೆ ಆಗ ಹಿಡಿಸಲಿಲ್ಲವೆಂದು ನಾನು ಇಂದಿಗೂ ವಾದಿಸುತ್ತೇನೆ.

ಅಲ್ಲಿಂದ ಮುಂದೆ ತಂಡ ಎಲೆಕ್ಟ್ರಾನಿಕ್ ಸಂಗೀತದತ್ತ ಹೊರಳಿ ಎರಡು ಆಲ್ಬಮ್ ಮಾಡಿತು, ಅವುಗಳ ಬಗ್ಗೆ ನನಗೆ ಹೇಳುವಂಥದ್ದೇನಿಲ್ಲ. 2003ರಲ್ಲಿ ತಂಡ ಲಿವ್ ಅವರನ್ನು ಕೈಬಿಟ್ಟಿತು. ಹತ್ತು ವರ್ಷ ಆ ತಂಡದ ದನಿಯಾಗಿದ್ದವರು ಅವರು.

ಆ ಹೊತ್ತಿಗೆ ಅವರು ಜರ್ಮನಿಯಲ್ಲಿದ್ದರು. ಅಲ್ಲಿನ ಅಟ್ರಾಸಿಟಿ ತಂಡದ ಗಾಯಕ ಅಲೆಕ್ಸಾಂಡರ್ ಕ್ರುಲ್ ಅವರನ್ನು ಮದುವೆಯಾಗಿದ್ದ ಲಿವ್, ಅದೇ ತಂಡದ ವಾದಕರನ್ನು ಕೂಡಿಕೊಂಡು 'ಲೀವ್ಸ್ ಐಸ್' ಆರಂಭಿಸಿದರು. ಹೆಸರಿನ ಅರ್ಥ 'ಎಲೆಗಳ ಕಣ್ಣುಗಳು'. ಉಚ್ಚರಿಸಿದರೆ ಮಾತ್ರ 'ಲಿವ್‌ಳ ಕಣ್ಣುಗಳು' ಎಂದೂ ಕೇಳಿಸುತ್ತದೆ. ಶ್ಲೇಷೆಯನ್ನು ಬೇಕೆಂದೇ ಇಟ್ಟದ್ದು. 2004ರಲ್ಲಿ 'ಲವ್‌ಲಾರ್ನ್' ಬಂತು. 2005ರ 'ವಿನ್‌ಲ್ಯಾಂಡ್ ಸಾಗಾ' ಕೊಲಂಬಸ್‌ಗಿಂತ ಐದು ಶತಮಾನ ಮೊದಲೇ ಅಮೆರಿಕದ ತೀರ ಮುಟ್ಟಿದ ಲೇಫ್ ಎರಿಕ್‌ಸನ್ನನ ಕಥೆ. ಇದರ ನಡುವೆಯೇ ಇಂಗ್ಲೆಂಡಿನ ಕ್ರೇಡಲ್ ಆಫ್ ಫಿಲ್ತ್ ತಂಡದ 'ನಿಂಫೆಟಮೈನ್' ಹಾಡಿಗೆ ಅತಿಥಿಯಾಗಿ ಹಾಡಿದರು, ಅದು ಗ್ರ್ಯಾಮಿ ನಾಮನಿರ್ದೇಶನದವರೆಗೆ ಹೋಯಿತು. ನೀನು ಕೇಳಿದ ಹಾಡು ಅದೇ. ಹರಿತವಾದ ಕಿರುಚಾಟದ ನಂತರ ಪಲ್ಲವಿಯಲ್ಲಿ ಬರುತ್ತಾರಲ್ಲ, ಆಕೆ.

ಇವರ ಸಂಗೀತಕ್ಕೆ ಕೆಲ್ಟಿಕ್, ಅಂದರೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು, ಎಂಬ ಹಣೆಪಟ್ಟಿ ಅಂಟಿಕೊಂಡಿರುವುದನ್ನು ನೀನು ಎಲ್ಲಿಯೋ ಓದಿದೆಯಂತೆ. ಅದು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಮೂಲದಲ್ಲಿ ಇದು ವೈಕಿಂಗರ ನಾಡಿನ ಸಂಗೀತ. ಆದರೆ ಡಬ್ಲಿನ್ ಪಟ್ಟಣ ಬೆಳೆದದ್ದೇ ಒಂಬತ್ತನೆಯ ಶತಮಾನದ ವೈಕಿಂಗರ ನೆಲೆಯಿಂದ. ನಾರ್ವೆಯ ಪಶ್ಚಿಮ ಕರಾವಳಿಯಿಂದ ಹೊರಟ ಹಡಗಿಗೆ ಸ್ಕಾಟ್ಲೆಂಡ್, ಐರ್ಲೆಂಡುಗಳು ದಾರಿಯಲ್ಲಿ ಸಿಗುವ ಊರುಗಳೇ. ಲಿವ್ ಅವರ ಹಾಡುಗಳೂ ಆ ದಾರಿಯಲ್ಲಿ ಹೋದವು. 2009ರ 'ನ್ಯೋರ್ಡ್' ಆಲ್ಬಮ್ಮಿನಲ್ಲಿ ಬೆಲಾರೂಸಿನ ಮಿನ್‌ಸ್ಕ್ ನಗರದ ವಾದ್ಯವೃಂದ ತುಂಬಿಕೊಂಡಿದ್ದರೂ, ಐರ್ಲೆಂಡಿನ ಮಳೆಯ ಬಗ್ಗೆ ಒಂದು ಹಾಡು, ಆ ಪಚ್ಚೆದ್ವೀಪದ ಬಗ್ಗೆಯೇ ಇನ್ನೊಂದು ಹಾಡು ಇವೆ. 2011ರ 'ಮೆರೆಡೆಡ್' ಇನ್ನೂ ಮುಂದೆ ಹೋಗಿ, ಸ್ಕಾಟ್ಲೆಂಡಿನ ರಾಣಿ ಮೇರಿಯ ಕುರಿತು ಮೈಕ್ ಓಲ್ಡ್‌ಫೀಲ್ಡ್ 1984ರಲ್ಲಿ ಮಾಡಿದ್ದ ಹಾಡನ್ನು ಮರುಹಾಡಿಸಿತು, ಒಂದು ಹಾಡಿಗೆ ಐರಿಷ್ ಪುರಾಣದ ಎಡೀನ್ ಎಂಬವಳ ಹೆಸರಿಟ್ಟಿತು.

ಎಡೀನಳ ಕಥೆ ನಿನಗೆ ಹಿಡಿಸೀತು. ಗಂಡನ ಮೊದಲ ಹೆಂಡತಿ ಹೊಟ್ಟೆಕಿಚ್ಚಿನಿಂದ ಅವಳನ್ನು ನೀರಿನ ಮಡುವಾಗಿ ಮಾಡುತ್ತಾಳೆ. ಆ ಮಡುವಿನಿಂದ ಹುಳುವೊಂದು ಹುಟ್ಟಿ, ಅದು ನೊಣವಾಗುತ್ತದೆ. ಆ ನೊಣದ ರೆಕ್ಕೆಯ ದನಿ ಕೊಳಲಿಗಿಂತ ಇಂಪಂತೆ. ಸವತಿ ಎಬ್ಬಿಸಿದ ಬಿರುಗಾಳಿಯಲ್ಲಿ ವರ್ಷಗಟ್ಟಲೆ ಅಲೆದು, ಕೊನೆಗೊಮ್ಮೆ ಯಾರದೋ ಪಾನಪಾತ್ರೆಯೊಳಗೆ ಬಿದ್ದು, ಕುಡಿದವಳ ಹೊಟ್ಟೆಯಲ್ಲಿ ಮತ್ತೆ ಮಗುವಾಗಿ ಹುಟ್ಟುತ್ತಾಳೆ, ಮೊದಲ ಹುಟ್ಟಿಗೂ ಇದಕ್ಕೂ ನಡುವೆ ಸಾವಿರದ ಹನ್ನೆರಡು ವರ್ಷ. ನಮ್ಮ ಅಜ್ಜಿಯರು ಹೇಳುತ್ತಿದ್ದ ಹೂವಾಗಿ, ಮರವಾಗಿ ಬದಲಾಗುವ ಸೊಸೆಯಂದಿರ ಕಥೆಗಳಿಗೆ ಇವಳು ದೂರದ ನೆಂಟಳೆನ್ನಿಸುವುದಿಲ್ಲವೇ?

ಕೆಲ್ಟಿಕ್ ಸಂಗೀತದಲ್ಲಿ ನನ್ನನ್ನು ಹಿಡಿದದ್ದು ಉಲಿನ್ ಪೈಪ್ ಎಂಬ ಐರಿಷ್ ವಾದ್ಯ. ಬಾಯಿಂದ ಊದುವ ಬ್ಯಾಗ್‌ಪೈಪಿನಂತಲ್ಲ ಇದು. ಒಂದು ಮೊಣಕೈಯ ಕೆಳಗೆ ತಿದಿ, ಇನ್ನೊಂದು ಮೊಣಕೈಯ ಕೆಳಗೆ ಗಾಳಿಚೀಲ. ಐರಿಷ್ ನುಡಿಯಲ್ಲಿ 'ಉಲೆ' ಎಂದರೆ ಮೊಣಕೈಯೇ. ಒಂದು ಕೊಳವೆ ಹಾಡುತ್ತದೆ, ಇನ್ನು ಕೆಲವು ಕೊಳವೆಗಳು ಒಂದೇ ಸ್ವರ ಹಿಡಿದು ಕೂರುತ್ತವೆ. ನಮ್ಮೂರಿನ ಓಲಗದಲ್ಲಿ ಕೆನ್ನೆ ಉಬ್ಬಿಸಿಕೊಂಡು ಬರೀ ಶ್ರುತಿ ಊದುತ್ತ ನಿಲ್ಲುತ್ತಿದ್ದ ಮುದುಕನೂ, ರಾಗ ನುಡಿಸುವ ಅವನ ಮಗನೂ ಒಂದೇ ವಾದ್ಯದೊಳಗೆ ಸೇರಿಕೊಂಡ ಹಾಗೆ.

2013ರ 'ಸಿಂಫನೀಸ್ ಆಫ್ ದ ನೈಟ್' ಆಲ್ಬಮ್ಮಿನಲ್ಲಿ ಲಿವ್ ತಮ್ಮ ರೂಢಿ ಮುರಿದು ಒಪೆರಾದ ಕಂಠವನ್ನೂ ಧಾರಾಳವಾಗಿ ಬಳಸಿದರು. ಬೇಕಿದ್ದರೆ ಕೂಗಬಲ್ಲೆ ಎಂದು ತೋರಿಸಿದರೆನ್ನು. ಇಷ್ಟು ವರ್ಷ ಕೂಗದೆ ಇದ್ದದ್ದು ಶಕ್ತಿ ಸಾಲದೆ ಅಲ್ಲ ಎಂದು ಆಗ ನನಗೆ ಖಾತ್ರಿಯಾಯಿತು. 2015ರಲ್ಲಿ 'ಕಿಂಗ್ ಆಫ್ ಕಿಂಗ್ಸ್' ಬಂತು. ಅದರ ನಾಯಕ ಆ ಹೆರಾಲ್ಡನೇ, ಬಂಡೆಯಲ್ಲಿ ನೆಟ್ಟ ಆ ಕತ್ತಿಗಳ ದೊರೆ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಜರ್ಮನಿಯಲ್ಲಿದ್ದುಕೊಂಡು ತಮ್ಮ ಊರಿನ ಕಥೆಗೇ ಮರಳಿದ್ದರು.

ಮರುವರ್ಷದ ಏಪ್ರಿಲ್‌ನಲ್ಲಿ ಅವರು ಲೀವ್ಸ್ ಐಸ್ ತಂಡದಲ್ಲಿ ಇಲ್ಲವೆಂಬ ಪ್ರಕಟಣೆ ಬಂತು. ಅದೇ ಪ್ರಕಟಣೆಯಲ್ಲಿ ಹೊಸ ಗಾಯಕಿ ಎಲಿನಾ ಸಿರಾಲಾ ಅವರ ಹೆಸರೂ ಇತ್ತು. ದಾಂಪತ್ಯವೂ ಮುರಿದಿತ್ತು. ಒಡಕಿಗೆ ಯಾರು ಎಷ್ಟು ಕಾರಣರೆಂಬುದು ಅವರವರ ಮನೆಯ ಮಾತು, ನಾನು ಅದಕ್ಕೆ ಕೈಹಾಕುವುದಿಲ್ಲ. ಸಿರಾಲಾ ಒಳ್ಳೆಯ ಗಾಯಕಿ, ಅವರ ಮೇಲೂ ನನಗೆ ತಕರಾರಿಲ್ಲ. ಆದರೆ ಆಕೆಯ ಕಣ್ಣುಗಳ ಹೆಸರನ್ನೇ ಇಟ್ಟುಕೊಂಡ ತಂಡವೊಂದು ಆಕೆಯಿಲ್ಲದೆ ಊರೂರು ಸುತ್ತುವುದನ್ನು ನೋಡುವಾಗ, ಹೆಣ್ಣೊಬ್ಬಳು ಬಿಟ್ಟುಹೋದ ಮನೆಯ ಬಾಗಿಲಲ್ಲಿ ಅವಳು ಬಿಡಿಸಿದ ರಂಗೋಲಿ ಇನ್ನೂ ಉಳಿದಿರುವುದನ್ನು ಕಂಡಂತಾಗುತ್ತದೆ.

ಎರಡನೆಯ ಸಲ ಹೀಗಾದ ಮೇಲೆ ದನಿ ಒರಟಾಗುತ್ತದೆಯೆಂದು ನಾನು ನಿರೀಕ್ಷಿಸಿದ್ದೆ. ಹಾಗಾಗಲಿಲ್ಲ. ತಮ್ಮನ್ನು ಕೈಬಿಟ್ಟಿದ್ದ ಹಳೆಯ ತಂಡದ ರೇಮಂಡ್ ಜೊತೆ ಮತ್ತೆ ವೇದಿಕೆಯ ಮೇಲೆ ನಿಂತು ಆ ಸಂವಾದದ ಹಾಡುಗಳನ್ನು ಹಾಡಿದರು. 2023ರ ಏಕವ್ಯಕ್ತಿ ಆಲ್ಬಮ್ 'ರಿವರ್ ಆಫ್ ಡೈಮಂಡ್ಸ್' ಅನ್ನು ಅವರೊಂದಿಗೆ ಕೂಡಿ ಕಟ್ಟಿದವರು ಟಾಮಿ ಓಲ್ಸನ್, 'ಏಜಿಸ್' ಕಾಲದ ಅದೇ ಗಿಟಾರ್ ವಾದಕ. ಇಪ್ಪತ್ತೈದು ವರ್ಷಗಳ ಅಂತರದ ಆ ಎರಡು ಆಲ್ಬಮ್‌ಗಳನ್ನು ಮೊನ್ನೆ ಒಂದರ ಹಿಂದೊಂದು ಹಾಕಿ ಕೇಳಿದೆ. ವಯಸ್ಸು ದನಿಯ ಕೆಳಸ್ಥಾಯಿಗೆ ಸ್ವಲ್ಪ ಮಣ್ಣಿನ ಬಣ್ಣ ಬಳಿದಿದೆ, ಅಷ್ಟೇ. ಪಕ್ಕದ ಕೋಣೆಯ ಬಾಗಿಲು ಇನ್ನೂ ಅರ್ಧ ತೆರೆದೇ ಇದೆ.

ಈ ಪತ್ರದ ಜೊತೆ 'ಮೆರೆಡೆಡ್' ಮತ್ತು 'ಏಜಿಸ್' ಎರಡನ್ನೂ ಕಳುಹಿಸುತ್ತಿದ್ದೇನೆ. ಈ ಸಲ ಎರಡೂ ಕಿವಿಗೆ ಸರಿಯಾಗಿ ಕೇಳಿಸುವ ಇಯರ್‌ಫೋನ್ ಹಾಕಿಕೋ. ಮೊದಲ ಸಲ ಗಿಟಾರಿಗೆ ಕಿವಿಗೊಡಬೇಡ. ಬೆಳಗಿನ ರಿಯಾಜಿಗೆ ತಂಬೂರಿ ಮೀಟುತ್ತೀಯಲ್ಲ, ಆ ಹೊತ್ತಿನಲ್ಲೇ ಕೇಳಿ, ಆಕೆ ಹಿಡಿದ ಷಡ್ಜ ಎಲ್ಲಿದೆಯೆಂದು ಹುಡುಕಿ ನನಗೆ ಬರೆ.

ನಿನ್ನವನೇ