ನಾಣ್ಯ ಬಡಿದು ನೋಡು, ಪುಟ್ಟಿ

ಪ್ರೀತಿಯ ಪುಟ್ಟಿ,

ಸ್ವೀಡನ್ನಿನ ಕಾರ್ಲ್ಸ್‌ಕ್ರೋನಾದ ದಡದಲ್ಲಿ ನಿಂತು ನೀನು ತೆಗೆದ ಫೋಟೋ ಬಂತು. ಬೂದು ಬಣ್ಣದ ಹಡಗು, ಕಾಗದ ಮಡಿಚಿದ ಹಾಗೆ ಮೈ, ಹೊರಗೆ ಒಂದು ಹಗ್ಗ ಇಲ್ಲ, ಲಂಗರು ಇಲ್ಲ. "ದೊಡ್ಡಪ್ಪಾ, ಇದೇ ವಿಸ್ಬಿ, ರಾಡಾರಿಗೆ ಸುಲಭಕ್ಕೆ ಸಿಗದ ಸ್ಟೆಲ್ತ್ ಯುದ್ಧನೌಕೆ, ನನ್ನ ಡಿಸೈನ್ ಪ್ರಾಜೆಕ್ಟ್ ಇಂಥದ್ದರ ಮೇಲೆಯೇ" ಅಂತ ಬರೆದಿದ್ದೀಯ. ನಿಮ್ಮಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಯುದ್ಧದ ಹಡಗು ಅಂತೀರಿ, ತೋಪೇ ಇಲ್ಲವಲ್ಲ" ಅಂದ. ತೋಪು ಇದೆ, 57 ಮಿ.ಮೀ.ದು, ಬೇಡವಾದಾಗ ನಳಿಗೆಯನ್ನು ಒಳಗೆ ಮಡಚಿಕೊಳ್ಳುತ್ತದೆ ಅಂತ ಹೇಳಿದ್ದಕ್ಕೆ ನಂಬಲೇ ಇಲ್ಲ.

ನಾನು ಹಡಗು ಕಟ್ಟಿದವನಲ್ಲ. ಮಲ್ಪೆಯಲ್ಲಿ ಮೂವತ್ತು ವರ್ಷ ಫೈಬರ್ ಬೋಟು ಕಟ್ಟಿದವನು. ಆದರೂ ನಾಲ್ಕು ಮಾತು ಹೇಳುತ್ತೇನೆ, ಬೈಕೋಬೇಡ.

ಆ ಆಕಾರಕ್ಕೆ ಮರುಳಾಗಬೇಡ. ಆಕಾರ ಕೊನೆಗೆ ಬಂದದ್ದು, ಮೊದಲು ಬಂದದ್ದು ಜಾಗ. ನೀನು ಫೋಟೋ ತೆಗೆದ ಊರಿನ ಹತ್ತಿರವೇ 1981ರ ಅಕ್ಟೋಬರ್ 27ರಂದು ಸೋವಿಯತ್ ಸಬ್‌ಮರೀನ್ ಒಂದು ಬಂಡೆಗೆ ಹತ್ತಿ ಕೂತಿತ್ತು, ಯು 137 ಅಂತ. ಸ್ವೀಡನ್ನಿನವರ ನೌಕಾನೆಲೆಯಿಂದ ಹತ್ತು ಕಿಲೋಮೀಟರ್ ದೂರ ಅಷ್ಟೇ. ಮನೆ ಅಂಗಳಕ್ಕೆ ಕಳ್ಳ ಬಂದ ಹಾಗೆ ಆಯಿತಲ್ವಾ? ಆಳ ಇಲ್ಲದ ನೀರು, ಸಾವಿರಾರು ಚಿಕ್ಕ ದ್ವೀಪಗಳು, ಸಂದಿಗೊಂದಿ. ಅಂಥ ಕಡೆ ಸಬ್‌ಮರೀನ್ ಹುಡುಕಬೇಕು, ನೀರಿನಲ್ಲಿ ಹುದುಗಿಸಿಟ್ಟ ಸ್ಫೋಟಕ ಅಂದರೆ ಮೈನ್ ಹುಡುಕಬೇಕು, ದೊಡ್ಡ ಹಡಗು ಬಂದರೆ ಬಂಡೆಯ ಮರೆಯಿಂದಲೇ ಹೊಡೆಯಬೇಕು. ಅದಕ್ಕೇ 73 ಮೀಟರ್ ಉದ್ದ, 640 ಟನ್ ತೂಕ, ನೀರಿನಲ್ಲಿ ಮುಳುಗುವುದು ಎರಡೂವರೆ ಮೀಟರ್‌ಗಿಂತ ಕಡಿಮೆ, ಹೊರಗೆ ತಿರುಗುವ ಪಂಖದ ಬದಲು ನೀರು ಚಿಮ್ಮಿಸುವ ವಾಟರ್‌ಜೆಟ್. ಅದೇ ಹಡಗನ್ನು ನಮ್ಮ ಕಡಲಿಗೆ ತಂದರೆ? ಸೇಂಟ್ ಮೇರೀಸ್ ದ್ವೀಪ ದಾಟಿದ ಮೇಲೆ ಅಡಗಿಕೊಳ್ಳಲು ಕಲ್ಲು ಎಲ್ಲಿದೆ? ಆದ್ದರಿಂದ ಗೆರೆ ಎಳೆಯುವ ಮೊದಲು, ನೋಡುವವನು ಯಾರು, ಎಲ್ಲಿಂದ ನೋಡುತ್ತಾನೆ ಅಂತ ಬರೆದುಕೋ.

ಇನ್ನೊಂದು. "ರಾಡಾರ್‌ಗೆ ಕಾಣುವುದಿಲ್ಲ" ಅಂತ ಬರೆಯಬೇಡ, ಕಾಣುತ್ತದೆ. ಹೇಳುವ ಲೆಕ್ಕದಂತೆ ಕಡಲು ಶಾಂತವಿದ್ದರೆ 22 ಕಿಲೋಮೀಟರ್ ದೂರದಿಂದ, ಅಲೆ ಇದ್ದರೆ 13ರಿಂದ. ಆ ಹಡಗಿನ ಕ್ಷಿಪಣಿ 70 ಕಿಲೋಮೀಟರ್ ಆಚೆಗೂ ಹೋಗುತ್ತದೆ. ಕಾಣದೆ ಇರುವುದಲ್ಲ, ತಡವಾಗಿ ಕಾಣುವುದು. ಅಷ್ಟೇ ಅದರ ಲಾಭ, ಅಷ್ಟೇ ಸಾಕು ಕೂಡ.

ಈಗ ನನ್ನ ಕಸುಬಿನ ವಿಷಯ. ಕಾರ್ಬನ್ ಫೈಬರ್ ರಾಡಾರ್ ಅಲೆಯನ್ನು ನುಂಗಿಬಿಡುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ. ಅದು ಕರೆಂಟು ಹರಿಸುವ ವಸ್ತು, ಲೋಹದ ಹಾಗೆ ಅಲೆಯನ್ನು ವಾಪಸ್ ಎಸೆಯುತ್ತದೆ. ಹಾಗಾದರೆ ಅದೇ ಯಾಕೆ? ಉಕ್ಕಿನ ಹಡಗನ್ನು ಬಿಸಿಲಲ್ಲಿ ಓರೆಯಾಗಿ ನೋಡು. ವೆಲ್ಡಿಂಗ್ ಕಾವಿಗೆ ತಗಡು ಒಳಕ್ಕೆ ಎಳೆದುಕೊಂಡು, ಬಡಕಲು ದನದ ಪಕ್ಕೆಲುಬಿನ ಹಾಗೆ ಏರುತಗ್ಗು ಕಾಣುತ್ತದೆ. ಅಂಥ ಮೈ ಅಲೆಯನ್ನು ಹತ್ತು ಕಡೆಗೆ ಚೆಲ್ಲುತ್ತದೆ. ನಡುವೆ ಪಿವಿಸಿ ನೊರೆಯ ಹಲಗೆ, ಎರಡೂ ಕಡೆ ಕಾರ್ಬನ್ ಫೈಬರ್ ಹಾಸಿ, ನಿರ್ವಾತದಲ್ಲಿ ರೆಸಿನ್, ಅಂದರೆ ಆರಿ ಗಟ್ಟಿಯಾಗುವ ಅಂಟು, ಎಳೆಸಿದರೆ ಕನ್ನಡಿಯಂಥ ಸಪಾಟು ಸಿಗುತ್ತದೆ. ಆ ಸಪಾಟನ್ನು ಓರೆ ಇಟ್ಟರೆ ಅಲೆ ಬಂದ ದಾರಿ ಬಿಟ್ಟು ಇನ್ನೆಲ್ಲೋ ಹೋಗುತ್ತದೆ, ರಾಡಾರಿಗೆ ವಾಪಸ್ ಸಿಗುವುದು ಕಡಿಮೆ. ಜತೆಗೆ ತೂಕ ಕಡಿಮೆ, ಅಯಸ್ಕಾಂತಕ್ಕೆ ಸಿಕ್ಕುವುದಿಲ್ಲ, ಮೈನ್‌ಗಳ ಮಧ್ಯೆ ಹೋಗುವ ಹಡಗಿಗೆ ಅದು ಜೀವದ ಪ್ರಶ್ನೆ. ನಮ್ಮ ನೌಕಾಪಡೆಗೆ 2017ರಲ್ಲಿ ಸೇರಿದ ಕಿಲ್ತಾನ್, 2020ರಲ್ಲಿ ಸೇರಿದ ಕವರತ್ತಿ ಅನ್ನುವ ಯುದ್ಧನೌಕೆಗಳು ಇವೆಯಲ್ಲ, ಅವುಗಳ ಉಕ್ಕಿನ ಒಡಲಿನ ಮೇಲಿನ ಕಾರ್ಬನ್ ಕಟ್ಟಡ ಬಂದದ್ದು ಸ್ವೀಡನ್ನಿನ ಕೋಕುಮ್ಸ್ ಅನ್ನುವ ಹಡಗು ಕಟ್ಟುವ ಕಂಪನಿಯಿಂದಲೇ. ಉಕ್ಕನ್ನೂ ಫೈಬರ್ರನ್ನೂ ಕೂಡಿಸುವ ಆ ಜಾಯಿಂಟ್ ಬಗ್ಗೆ ಯಾರಾದರೂ ಮಾತಾಡಿದರೆ ಚಹಾ ಕುಡಿಸಿ ಕೇಳು.

ಒಮ್ಮೆ ನಾನು ಜುಲೈ ತಿಂಗಳಲ್ಲಿ, ಮಳೆ ಹುಯ್ಯುವಾಗ, ಅವಸರಕ್ಕೆ ಬಿದ್ದು ಒಂದು ಬೋಟಿನ ಬದಿಗೆ ಫೈಬರ್ ಮ್ಯಾಟ್ ಹಾಕಿಸಿದೆ. ಹೊರಗಿನಿಂದ ನೋಡಿದರೆ ಥಳಥಳ. ನಮ್ಮ ಹಳೇ ಮೇಸ್ತ್ರಿ ಬಂದ, ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದು ಗೇಣು ಗೇಣಿಗೂ ಬಡಿಯುತ್ತಾ ಹೋದ. ಟಕ್, ಟಕ್, ಟಕ್, ಡಬ್. ಅಲ್ಲೇ ನಿಂತ. ಗ್ರೈಂಡರ್ ಹಿಡಿಸಿ ನೋಡಿದರೆ ಪದರದ ನಡುವೆ ಅಂಗೈ ಅಗಲದ ಪೊಳ್ಳು, ತೇವ ಹಾಗೇ ಕೂತಿತ್ತು. ಇಡೀ ಬದಿ ಕಿತ್ತು ಮತ್ತೆ ಹಾಕಿದೆವು. ತಪ್ಪು ನನ್ನದೇ. ನಿನ್ನ ಕಂಪ್ಯೂಟರಿನಲ್ಲಿ ಆ ಡಬ್ ಕೇಳುವುದಿಲ್ಲ ಪುಟ್ಟಿ. ಡಿಗ್ರಿ ಮುಗಿದ ಮೇಲೆ ಒಂದು ವರ್ಷ ರೆಸಿನ್ ವಾಸನೆ ಇರುವ ಶೆಡ್ಡಿನಲ್ಲಿ ಕೆಲಸ ಮಾಡು, ಆಮೇಲೆ ಡಿಸೈನ್ ಟೇಬಲ್ಲಿಗೆ ಹೋಗು. ಸಂಬಳ ಕಡಿಮೆ ಅಂತ ನಿಮ್ಮಮ್ಮ ಗೊಣಗಿದರೆ ನಾನು ಮಾತಾಡುತ್ತೇನೆ.

ಬೆಂಕಿ ಮರೆಯಬೇಡ, ಇದನ್ನು ಮಾತ್ರ ಎರಡು ಸಲ ಓದು. ಇಂಡೋನೇಷ್ಯಾದವರು ಕ್ಲೆವಾಂಗ್ ಅಂತ 63 ಮೀಟರಿನ ಮೂರು ಒಡಲಿನ ಸ್ಟೆಲ್ತ್ ಬೋಟು ಕಟ್ಟಿದರು, ಪೂರ್ತಿ ಕಾರ್ಬನ್ ಫೈಬರ್. 2012ರ ಆಗಸ್ಟ್ 31ಕ್ಕೆ ನೀರಿಗಿಳಿಸಿದರು. ಸೆಪ್ಟೆಂಬರ್ 28ಕ್ಕೆ ಬಾನ್ಯುವಾಂಗಿಯ ಧಕ್ಕೆಯಲ್ಲಿ ನಿಂತಲ್ಲೇ ಸುಟ್ಟುಹೋಯಿತು, ಒಂದು ಗುಂಡೂ ಹಾರದೆ. ಉಕ್ಕು ಕೆಂಪಗಾಗುತ್ತದೆ, ಬಾಗುತ್ತದೆ. ರೆಸಿನ್ ತಾನೇ ಉರುವಲಾಗುತ್ತದೆ.

ಮತ್ತೆ, ಅವಸರ ಬೇಡ. ಸ್ವೀಡನ್ನಿನವರು ಮೊದಲು 1991ರಲ್ಲಿ ಸ್ಮೈಗೆ ಅಂತ ಮೂವತ್ತು ಮೀಟರಿನ ಪ್ರಯೋಗದ ಬೋಟು ಮಾಡಿ ನೋಡಿದರು. ವಿಸ್ಬಿ ನೀರಿಗೆ ಇಳಿದದ್ದು 2000ದಲ್ಲಿ, ಆ ಬಗೆಯ ಮೊದಲ ಎರಡು ಹಡಗು ನಿಜವಾಗಿ ಕೆಲಸಕ್ಕೆ ಸಿಕ್ಕಿದ್ದು 2009ರ ಕೊನೆಗೆ. ಆರು ಅಂತ ಹೊರಟು ಐದಕ್ಕೆ ನಿಲ್ಲಿಸಿದರು. ಹೆಲಿಕಾಪ್ಟರ್ ಒಳಗಿಡುವ ಯೋಚನೆ ಜಾಗ ಸಾಲದೆ ಬಿಟ್ಟುಹೋಯಿತು, ವಿಮಾನ ಹೊಡೆಯುವ ಕ್ಷಿಪಣಿಗೆ ದುಡ್ಡು ಸಾಲಲಿಲ್ಲ, ಅದರ ಒಪ್ಪಂದ ಆದದ್ದು 2023ರಲ್ಲಿ. ಎಲ್ಲವನ್ನೂ ಮುಚ್ಚಿಡಬೇಕು ಅಂದರೆ ಒಳಗೆ ಜಾಗ ಹೋಗುತ್ತದೆ, ಪ್ರತಿ ಮುಚ್ಚಳಕ್ಕೂ ಕೀಲು, ರಬ್ಬರು, ಗ್ರೀಸು. ನಿನ್ನ ಡ್ರಾಯಿಂಗಿನಲ್ಲಿ ಅದೊಂದು ಗೆರೆ. ಉಪ್ಪು ನೀರಿನಲ್ಲಿ ದಿನಾ ತೆಗೆದು ಮುಚ್ಚುವವನಿಗೆ ಅದು ಅರ್ಧ ದಿನದ ಕೂಲಿ.

ಕಡಲಲ್ಲಿ ಬೇರೆಯವರೂ ಇದ್ದಾರೆ ಅನ್ನುವುದನ್ನು ನೆನಪಿಡು. ಅಮೆರಿಕದವರ ಸ್ಟೆಲ್ತ್ ಯುದ್ಧನೌಕೆ ಝುಮ್‌ವಾಲ್ಟ್ ಚಿಕ್ಕದೇನಲ್ಲ, 180 ಮೀಟರ್‌ಗೂ ಉದ್ದ. ಮೇನ್ ರಾಜ್ಯದ ಸಿಗಡಿಯಂಥ ಲಾಬ್‌ಸ್ಟರ್ ಹಿಡಿಯುವ ಒಬ್ಬನ ರಾಡಾರಿನಲ್ಲಿ ಅದು ನಲವತ್ತು ಐವತ್ತು ಅಡಿಯ ಮೀನು ಬೋಟಿನಷ್ಟೇ ಕಂಡಿತಂತೆ. ಮಂಜಿನಲ್ಲಿ ಯಾರಾದರೂ ಬಂದು ಗುದ್ದಿಯಾರು ಅಂತ, ರಾಡಾರಿಗೆ ಕಾಣುವ ಹಾಗೆ ಸಿಲಿಂಡರು ತೂಗುಹಾಕುವ ಏರ್ಪಾಡನ್ನೂ ಪರೀಕ್ಷೆ ಮಾಡಿದರು. ಎಷ್ಟು ಕೋಟಿ ಸುರಿದು ಮರೆಮಾಡಿದ್ದನ್ನು ಮತ್ತೆ ತೋರಿಸಿಕೊಳ್ಳುವುದು! ನಗು ಬಂತು ನನಗೆ. ಆದರೆ ರಾತ್ರಿ ಬೋಟಿನಲ್ಲಿ ಮಲಗುವ ನಮ್ಮ ಹುಡುಗರ ಕಡೆಯಿಂದ ಯೋಚಿಸಿದರೆ ನಗುವ ವಿಷಯ ಅಲ್ಲ. ನಿನ್ನ ಹಡಗಿನಲ್ಲಿ ಆ ಸಿಲಿಂಡರಿಗೆ ಮೊದಲೇ ಒಂದು ಗೂಡು ಇಡು.

ಒಂದು ಕೇಳಬೇಕಿತ್ತು. ಆ ಕ್ಷಿಪಣಿಯ ಬಾಗಿಲು ಮುಚ್ಚಿದಾಗ ಅಂಚಿನಲ್ಲಿ ಸಂದು ಉಳಿಯದ ಹಾಗೆ ಏನು ಹಾಕುತ್ತಾರೆ, ಅಲ್ಲಿನ ಚಳಿಗೆ ರಬ್ಬರು ಗಟ್ಟಿಯಾಗುವುದಿಲ್ಲವೇ? ಬೇಡ ಬೇಡ, ಮೊಬೈಲಿನಲ್ಲಿ ಬರೆಯಬೇಡ, ಗುಟ್ಟಿನದ್ದಿದ್ದರೆ ನಿನಗೆ ತೊಂದರೆ. ಡಿಸೆಂಬರಿನಲ್ಲಿ ಬಂದಾಗ ಹಳೇ ಬಟ್ಟೆ ಹಾಕಿಕೊಂಡು ಶೆಡ್ಡಿಗೆ ಬಾ. 32 ಅಡಿಯ ಬೋಟು ಒಂದು ಅಚ್ಚಿನ ಮೇಲಿದೆ, ಬಡಿಯುವ ಕೆಲಸ ನಿನಗೆ ಬಿಟ್ಟಿದ್ದೇನೆ.

ನಿನ್ನ,
ದೊಡ್ಡಪ್ಪ